ಅಂಗಳಕ್ಕೆ ಬಂದ ಬಿಸಿಲೊಲೆ

ನಮ್ಮ ಜಿಲ್ಲೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು 1902ರಲ್ಲಿ. ಅದಾಗಿ ತೊಂಬತ್ತು ವರ್ಷ ಕಳೆದರೂ ಯಲಿಯೂರಿನ ನಮ್ಮ ಅವ್ವನ ಒಲೆಯಲ್ಲಿ ಉರಿಯುತ್ತಿದ್ದುದು ಸೌದೆ, ತೆಂಗಿನ ಗರಿ, ಕಬ್ಬಿನ ತರಗು. ಹೊಗೆ ಕುಡಿದು ಕುಡಿದು ಅವ್ವನಿಗೆ ಕೆಮ್ಮು ಹತ್ತಿಕೊಂಡಿತ್ತು. ರಾತ್ರಿಯೆಲ್ಲ ಅದನ್ನು ಕೇಳಲಾಗದೆ ನನ್ನ ತಮ್ಮ ಬಿಸಿಲೊಲೆ ಮಾಡಲು ಹೊರಟ.

ಮಂಡ್ಯದ ಗುಜರಿಯಿಂದ ಆರಡಿ ಅಗಲದ ಹಳೆಯ ಡಿಶ್ ಆಂಟೆನಾ ತಂದ. ನಡುವಿನ ಆಳ ಒಂದಡಿ. ಅಗಲವನ್ನು ಅಗಲದಿಂದಲೇ ಗುಣಿಸಿ, ಆಳದ ಹದಿನಾರು ಪಟ್ಟಿನಿಂದ ಭಾಗಿಸಿದರೆ ಬೆಳಕು ಕೂಡುವ ಜಾಗ ಸಿಗುತ್ತದಂತೆ: ತಳದಿಂದ ಎರಡೂಕಾಲು ಅಡಿ. ಒಳಗೆಲ್ಲ ಕನ್ನಡಿ ಚೂರು ಅಂಟಿಸಿದ. ನಿಲ್ಲಿಸುವುದೇ ದೊಡ್ಡ ಪಾಡು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ತಟ್ಟೆ ಅವನ ಹಿಂದೆ ತಿರುಗಬೇಕು, ಪಾತ್ರೆ ಮಾತ್ರ ಅಲುಗಬಾರದು. ಕೊನೆಗೆ ಎರಡು ಕಂಬದ ನಡುವೆ ತೊಟ್ಟಿಲಿನಂತೆ ತೂಗುಹಾಕಿ, ತೂಗುವ ಅಚ್ಚನ್ನು ಪಾತ್ರೆಯ ಮಟ್ಟಕ್ಕೇ ತಂದು, ಹಗ್ಗದಿಂದ ಬಿಗಿದ.

ಇದೇನೂ ಹೊಸ ಹುಚ್ಚಲ್ಲ. 1870ರ ದಶಕದಲ್ಲೇ ಮುಂಬಯಿಯಲ್ಲಿ ವಿಲಿಯಂ ಆಡಮ್ಸ್ ಎಂಟು ಕನ್ನಡಿಗಳ ಒಲೆಯಲ್ಲಿ ಏಳು ಸೈನಿಕರ ಅಡುಗೆಯನ್ನು ಎರಡು ಗಂಟೆಯಲ್ಲಿ ಬೇಯಿಸಿದ್ದ. 1878ರ ಪ್ಯಾರಿಸ್ ಮೇಳದಲ್ಲಿ ಮೂಶೋ ಎಂಬಾತ ಬಿಸಿಲಿನ ಬಲದಿಂದ ಮಂಜುಗಡ್ಡೆಯನ್ನೇ ಮಾಡಿ ತೋರಿಸಿದ. 1950ರ ದಶಕದಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ರೂಪಿಸಿದ ಇಂಥದೇ ಒಲೆ ಮಾರಾಟಕ್ಕೂ ಬಂತು. ಮನೆಗಳಲ್ಲಿ ನೆಲೆ ನಿಲ್ಲಲಿಲ್ಲ. ಏಕೆಂಬುದು ನಮ್ಮವ್ವನಿಗೆ ಒಂದೇ ದಿನದಲ್ಲಿ ತಿಳಿಯಿತು.

ಹುರುಳಿಕಾಳು ಚೆನ್ನಾಗಿಯೇ ಬೆಂದಿತು. ಆದರೆ ಹಿಟ್ಟು ತೊಳಸುವುದು ಹೇಗೆ? ಪಾತ್ರೆಯನ್ನು ಅದುಮಿ ಹಿಡಿದು ಕೋಲು ತಿರುವಬೇಕಲ್ಲ, ತೂಗುವ ಒಲೆಯ ಮೇಲೆ, ಕಣ್ಣು ಕುಕ್ಕುವ ಬೆಳಕಿನಲ್ಲಿ! "ಸೂರಪ್ಪನ ಜೊತೆ ಇದನ್ನ ತಿರುಗಿಸ್ಕಂಡು ಕೂತ್ರೆ ಹಸಕ್ಕೆ ಹುಲ್ಲು ತರೋರು ಯಾರ್ಲಾ ಮಗ?" ಎಂದಳು. ರಾತ್ರಿಯೂಟದ ಮಾತಂತೂ ಇಲ್ಲವೇ ಇಲ್ಲ. ಲೆಕ್ಕ ಹಾಕಿದವರು ಬಿಸಿಲನ್ನು ಅಳೆದರೇ ಹೊರತು ಹೆಂಗಸರ ಹೊತ್ತನ್ನು ಅಳೆಯಲಿಲ್ಲ. 2002ರಲ್ಲಿ ತಿರುಮಲದಲ್ಲಿ ಬಿಸಿಲಿನ ಹಬೆಯಿಂದ ಸಾವಿರಾರು ಮಂದಿಗೆ ಅಡುಗೆಯಾಯಿತು ನಿಜ. ಅಲ್ಲಿ ಅದನ್ನು ನೋಡಿಕೊಳ್ಳಲೆಂದೇ ಆಳುಗಳಿದ್ದರು.

ಒಂದು ಮಧ್ಯಾಹ್ನ ತಟ್ಟೆಗೆ ಗೋಣಿ ಹೊದಿಸುವುದು ಮರೆತು, ಒಣಹಾಕಿದ್ದ ನನ್ನ ಸೀರೆಯಲ್ಲಿ ರೂಪಾಯಗಲದ ತೂತು ಬಿತ್ತು. ಮಗು ಅಲ್ಲಿ ಆಡುತ್ತಿದ್ದರೆ? ಅಂದೇ ಅದರ ಸುತ್ತ ಬೇಲಿ ಎದ್ದಿತು.

ಅವ್ವನ ಕೆಮ್ಮು ತಗ್ಗಿದ್ದು ಮಾಡಿಗೆ ಹೊಗೆಕೊಳವೆ ಬಿಟ್ಟ ಅಸ್ತ್ರ ಒಲೆ ಹಾಕಿಸಿದ ಮೇಲೆ. ಅದೂ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರದವರದೇ ಕೆಲಸ. ತಮ್ಮನ ತಟ್ಟೆ ಮಾತ್ರ ಬಹಳ ಕಾಲ ಬೇಲಿಯೊಳಗೇ ನಿಂತು, ಬಾಣಂತಿಯರಿಗೆ ನೀರು ಕಾಯಿಸಿಕೊಟ್ಟಿತು.