ಸಮುದ್ರದ ಮೇಷ್ಟರು, ಚೌಕ ಸ್ಪಂಜು

ಕಡಲು ಇಳಿದ ಹೊತ್ತಿನಲ್ಲಿ ಬಂಡೆಗಳ ಸಂದಿಯಲ್ಲಿ ಒಂದಿಷ್ಟು ನೀರು ಉಳಿಯುತ್ತದೆ. ಏಡಿ, ನಕ್ಷತ್ರಮೀನು, ಬಸವನಹುಳು, ಸ್ಪಂಜು ಎಲ್ಲವೂ ಆ ಪುಟ್ಟ ಹೊಂಡದಲ್ಲೇ ಸಂಸಾರ ಹೂಡಿರುತ್ತವೆ. ಕ್ಯಾಲಿಫೋರ್ನಿಯಾದ ಡಾನಾ ಪಾಯಿಂಟ್ ಎಂಬ ಕಡಲೂರಿನ ಸಮುದ್ರ ಶಿಕ್ಷಣ ಸಂಸ್ಥೆಯಲ್ಲಿ 1984ರಿಂದ ಮೂರು ವರ್ಷ ಸ್ಟೀಫನ್ ಹಿಲೆನ್‌ಬರ್ಗ್ ಎಂಬ ಮೇಷ್ಟರು ಮಕ್ಕಳಿಗೆ ಈ ಜೀವಿಗಳ ಪಾಠ ಹೇಳುತ್ತಿದ್ದರು. ಚಿತ್ರ ಬಿಡಿಸುವ ಹುಚ್ಚೂ ಇತ್ತು. ಹಾಗಾಗಿ ಪಾಠಕ್ಕೆಂದು 'ದಿ ಇಂಟರ್‌ಟೈಡಲ್ ಝೋನ್' ಎಂಬ ಚಿತ್ರಕಥೆಯ ಪುಸ್ತಕವನ್ನೇ ಬರೆದರು. ಅದರಲ್ಲಿ ಕಥೆ ಹೇಳುವವನು ಕಪ್ಪು ಕನ್ನಡಕ ಹಾಕಿದ ಬಾಬ್ ಎಂಬ ಸ್ಪಂಜು. ಪುಸ್ತಕವನ್ನು ಹಿಡಿದು ಪ್ರಕಾಶಕರ ಬಳಿ ಹೋದರು. ಯಾರೂ ಅಚ್ಚು ಹಾಕಲಿಲ್ಲ.

ಹಿಲೆನ್‌ಬರ್ಗ್ ಹುಟ್ಟಿದ್ದು 1961ರಲ್ಲಿ, ಓಕ್ಲಹೋಮಾದ ಸೇನಾ ನೆಲೆಯೊಂದರಲ್ಲಿ. ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಫ್ರೆಂಚ್ ಸಾಗರ ಸಂಶೋಧಕ ಝಾಕ್ ಕುಸ್ತೋ ಅವರ ಚಿತ್ರಗಳು ಹುಡುಗನಿಗೆ ಸಮುದ್ರದ ಮೋಹ ಹತ್ತಿಸಿದವು. ಓದುವ ದಿನಗಳಲ್ಲಿ ಮೀನು ಖಾದ್ಯದ ಹೋಟೆಲೊಂದರ ಅಡುಗೆಮನೆಯಲ್ಲೂ ದುಡಿದರು. ಆ ಅನುಭವ ಮುಂದೆ ಕೆಲಸಕ್ಕೆ ಬಂತು.

ಮೇಷ್ಟರ ಕೆಲಸ ಬಿಟ್ಟು, ಕ್ಯಾಲ್‌ಆರ್ಟ್ಸ್ ಕಾಲೇಜಿನಲ್ಲಿ ಅನಿಮೇಷನ್ ಕಲಿತು 1992ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಆಮೇಲೆ ನಿಕೆಲೋಡಿಯನ್ ವಾಹಿನಿಯ 'ರಾಕೋಸ್ ಮಾಡರ್ನ್ ಲೈಫ್' ಸರಣಿಯಲ್ಲಿ ನಿರ್ದೇಶಕರಾದರು. ಅಲ್ಲಿನ ಸಹೋದ್ಯೋಗಿ ಮಾರ್ಟಿನ್ ಓಲ್ಸನ್ ಕೈಗೆ ಹಳೆಯ ಚಿತ್ರಕಥೆ ಸಿಕ್ಕಿತು. ಇದನ್ನೇ ಟಿವಿಗೆ ಮಾಡಬಾರದೇಕೆ ಎಂದು ಅವರು ಕೇಳಿದರು.

ಹಿಲೆನ್‌ಬರ್ಗ್ ಮೊದಲು ನಿಜವಾದ ಸಮುದ್ರ ಸ್ಪಂಜನ್ನೇ ಬರೆದು ನೋಡಿದರು. ಅದು ಆಕಾರವೇ ಇಲ್ಲದ ಜೀವಿ. ಕೊನೆಗೆ ಪಾತ್ರೆ ತಿಕ್ಕುವ ಚೌಕ ಸ್ಪಂಜನ್ನು ಬರೆದರು. ಚೌಕಟ್ಟಾದ ಮೈಯೇ ಅವನ ಸ್ವಭಾವಕ್ಕೂ ಒಪ್ಪಿತು. ಲೋಕದ ಕಪಟ ತಿಳಿಯದ, ಹೋಟೆಲಿನಲ್ಲಿ ಹುರಿಯುವ ಕೆಲಸವನ್ನೇ ಭಾಗ್ಯ ಎಂದುಕೊಂಡ ಹುಡುಗುಬುದ್ಧಿಯ ಗಂಡಸು. ಮೊದಲು ಇಟ್ಟ ಹೆಸರು ಸ್ಪಂಜ್‌ಬಾಯ್. ಆ ಹೆಸರನ್ನು ನೆಲ ಒರೆಸುವ ಸಾಮಾನೊಂದಕ್ಕೆ ಆಗಲೇ ನೋಂದಾಯಿಸಿದ್ದರಿಂದ ಸ್ಪಂಜ್‌ಬಾಬ್ ಆಯಿತು. ಅವನ ನೆರೆಯ ಸ್ಕ್ವಿಡ್‌ವರ್ಡ್ ಆಕ್ಟೋಪಸ್ ಜಾತಿಯವನು. ಎಂಟು ಕಾಲು ಬರೆಯುವುದು ಹೆಚ್ಚಾಯಿತೆಂದು ಅವನಿಗೆ ಆರೇ ಕಾಲು.

ವಾಹಿನಿಯವರಿಗೆ ಯೋಜನೆ ಹಿಡಿಸಿತು, ಆದರೆ ಒಂದು ಷರತ್ತು: ಸ್ಪಂಜ್‌ಬಾಬ್ ಶಾಲೆಗೆ ಹೋಗುವ ಮಗುವಾಗಬೇಕು. ನೋಡುವವರು ಮಕ್ಕಳಲ್ಲವೇ, ನಾಯಕನೂ ಮಗುವಾಗಿರಲಿ ಎಂಬ ಲೆಕ್ಕ. ಮೇಷ್ಟರಾಗಿದ್ದ ಮನುಷ್ಯನೇ ಶಾಲೆ ಬೇಡ ಎಂದರು. ಯೋಜನೆಯನ್ನೇ ಕೈಬಿಡಲು ಸಿದ್ಧರಾದರು. ಕೊನೆಗೆ ಒಂದು ರಾಜಿ ಆಯಿತು. ಸ್ಪಂಜ್‌ಬಾಬ್ ದೊಡ್ಡವನೇ, ಆದರೆ ದೋಣಿ ಓಡಿಸುವ ಲೈಸೆನ್ಸಿಗಾಗಿ ತರಬೇತಿ ಶಾಲೆಗೆ ಹೋಗುತ್ತಾನೆ, ಪ್ರತಿ ಸಲ ಫೇಲಾಗುತ್ತಾನೆ. ಅವನಿಗೆ ಕಲಿಸುವ ಪಾಪದ ಟೀಚರ್ ಒಬ್ಬಳು ಪಫರ್ ಮೀನು. ಗಾಬರಿಯಾದರೆ ಉಬ್ಬಿಬಿಡುತ್ತಾಳೆ. ಕಿರಿಕಿರಿಯ ಷರತ್ತೊಂದು ಹೀಗೆ ಒಳ್ಳೆಯ ನಗೆಯಾಯಿತು.

1999ರ ಮೇ 1ರಂದು ಮೊದಲ ಕಂತು ಬಂತು. ಕೆಲವೇ ವರ್ಷಗಳಲ್ಲಿ ಜಗತ್ತಿನ ಮೂಲೆಮೂಲೆಯ ಮಕ್ಕಳಿಗೆ ಹಳದಿ ಚೌಕ ಪರಿಚಿತವಾಯಿತು. 2011ರಲ್ಲಿ ಬೋರ್ನಿಯೋ ದ್ವೀಪದ ಕಾಡಿನಲ್ಲಿ ಸಿಕ್ಕ, ಸ್ಪಂಜಿನಂತೆ ಮೆತ್ತಗಿನ ಅಣಬೆಯೊಂದಕ್ಕೆ ವಿಜ್ಞಾನಿಗಳು 'ಸ್ಪಂಜಿಫಾರ್ಮಾ ಸ್ಕ್ವೇರ್‌ಪ್ಯಾಂಟ್ಸಿಯೈ' ಎಂದು ಹೆಸರಿಟ್ಟರು. ಜೀವಶಾಸ್ತ್ರದ ಮೇಷ್ಟರಿಗೆ ಇದಕ್ಕಿಂತ ದೊಡ್ಡ ಬಹುಮಾನ ಯಾವುದಿದ್ದೀತು?

ಅಷ್ಟು ಹೊತ್ತಿಗೆ ಸರಣಿಯ ದಿನನಿತ್ಯದ ಹೊಣೆ ಅವರ ಕೈಯಲ್ಲಿರಲಿಲ್ಲ. 2004ರಲ್ಲಿ ಸ್ಪಂಜ್‌ಬಾಬ್‌ನ ಮೊದಲ ಸಿನಿಮಾ ಬಂದಾಗ ಹಿಲೆನ್‌ಬರ್ಗ್ ಅಲ್ಲಿಗೇ ಮುಗಿಸಲು ಬಯಸಿದ್ದರು. ಹಸಿವು ಇನ್ನೂ ಇರುವಾಗಲೇ ಎಲೆಯಿಂದ ಏಳಬೇಕು ಎಂಬಂಥ ಅಭಿಪ್ರಾಯ ಅವರದು. ವಾಹಿನಿ ಒಪ್ಪಲಿಲ್ಲ. ಪಾತ್ರಗಳ ಹಕ್ಕು ಅದನ್ನು ಕಲ್ಪಿಸಿದವರದಲ್ಲ, ಕಂಪನಿಯದು. ಆರಂಭದಲ್ಲಿ 'ಬೇಡ' ಎಂದಾಗ ಅವರ ಮಾತು ನಡೆದಿತ್ತು, ಏಕೆಂದರೆ ಆಗ ಸ್ಪಂಜು ಇನ್ನೂ ಅವರ ಜೇಬಿನಲ್ಲಿತ್ತು. ಈಗ ಅವರು ಎದ್ದು ಹೋಗಬಹುದಿತ್ತು, ಸ್ಪಂಜನ್ನು ಕರೆದುಕೊಂಡು ಹೋಗುವಂತಿರಲಿಲ್ಲ. ಮುಂದಾಳತ್ವವನ್ನು ಜೊತೆಗಾರರಿಗೆ ಒಪ್ಪಿಸಿ ಪಕ್ಕಕ್ಕೆ ಸರಿದರು. ಸರಣಿ ನಡೆದೇ ನಡೆಯಿತು.

ಹತ್ತು ವರ್ಷಗಳ ಮೇಲೆ ಅವರು ಮತ್ತೆ ಸರಣಿಯ ಹತ್ತಿರ ಬಂದರು. ಅಷ್ಟರಲ್ಲಿ ಕಾಯಿಲೆ ಹಿಡಿಯಿತು. ಸ್ನಾಯುಗಳನ್ನು ಒಂದೊಂದಾಗಿ ಕಟ್ಟಿಹಾಕುವ ಎಎಲ್‌ಎಸ್ ತಮಗಿದೆ ಎಂದು 2017ರ ಮಾರ್ಚ್‌ನಲ್ಲಿ ತಾವೇ ತಿಳಿಸಿದರು. ಆಗುವಷ್ಟು ದಿನ ಕೆಲಸ ಮಾಡುತ್ತೇನೆ ಎಂದರು. 2018ರ ನವೆಂಬರ್ 26ರಂದು ತೀರಿಕೊಂಡರು. ವಯಸ್ಸು 57.

ಅವರು ಹೋದ ಮೇಲೆ ಹೊಸ ಕವಲುಗಳು ಹುಟ್ಟಿದವು. 2021ರಲ್ಲಿ ಬಂದ 'ಕ್ಯಾಂಪ್ ಕೋರಲ್' ಅವುಗಳಲ್ಲಿ ಒಂದು. ಇದರ ಸುದ್ದಿ ಬಂದಾಗ ಸರಣಿಯನ್ನು ವರ್ಷಗಟ್ಟಲೆ ಮುನ್ನಡೆಸಿದ್ದ ಪಾಲ್ ಟಿಬ್ಬಿಟ್ ಬಹಿರಂಗವಾಗಿಯೇ ವಿರೋಧಿಸಿದರು. ಕಂಪನಿ ಕಿವಿಗೊಡಲಿಲ್ಲ. ಬೇಸಿಗೆ ಶಿಬಿರದಲ್ಲಿ ನಡೆಯುವ ಆ ಸರಣಿಯಲ್ಲಿ ಸ್ಪಂಜ್‌ಬಾಬ್‌ಗೆ ಹತ್ತು ವರ್ಷ. ಮೇಷ್ಟರು ಅಂದು ಬೇಡವೆಂದು ಹಟ ಹಿಡಿದಿದ್ದ ಮಗುವನ್ನು ವಾಹಿನಿ ಕೊನೆಗೂ ಪಡೆದುಕೊಂಡಿತು.