ಮೀನಿನ ತೊಟ್ಟಿಯ ಹಿಂದಿನ ಕೈಗಳು

ಮಗನ ಹಟಕ್ಕೆ ಮನೆಗೆ ಗಾಜಿನ ತೊಟ್ಟಿ ಬಂತು, ಜೊತೆಗೆ ಎಂಟು ಗಪ್ಪಿ ಮೀನು. ಪಾತ್ರೆ ಬೆಳಗಿ ರೂಢಿಯಾದ ಕೈ ನನ್ನದು. ದಿನ ಬಿಟ್ಟು ದಿನ ಕಲ್ಲುಗಳನ್ನೆಲ್ಲ ಉಜ್ಜಿ ತೊಳೆದು, ನಲ್ಲಿಯ ಹೊಸ ನೀರು ತುಂಬಿದೆ. ವಾರದೊಳಗೆ ಐದು ಸತ್ತವು. ಮಗ ಮಾತು ಬಿಟ್ಟ.

ತಪ್ಪು ಆಮೇಲೆ ತಿಳಿಯಿತು. ನಲ್ಲಿ ನೀರಿನ ಕ್ಲೋರಿನ್ ಮೀನಿಗೆ ವಿಷ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯವನ್ನು ಕರಗಿಸುವ ಸೂಕ್ಷ್ಮಜೀವಿಗಳು ಕಲ್ಲಿನ ಮೇಲೆ ನೆಲೆಸುತ್ತವೆ. ಅವನ್ನೇ ನಾನು ತೊಳೆದು ಚೆಲ್ಲಿದ್ದೆ.

ತೊಟ್ಟಿಯ ಚರಿತ್ರೆ ಹುಡುಕಿದರೆ ಅಲ್ಲಿ ಹೆಂಗಸರೇ ಸಿಕ್ಕರು. 1832ರಲ್ಲಿ ಸಿಸಿಲಿಯಲ್ಲಿ ಝಾನ್ ವಿಲ್‌ಪ್ರೂ ಪವರ್ ಕಡಲಜೀವಿಗಳ ಅಭ್ಯಾಸಕ್ಕೆಂದು ಗಾಜಿನ ತೊಟ್ಟಿ ಮಾಡಿಸಿದರು. 1846ರಲ್ಲಿ ಅನ್ನಾ ಥಿನ್ ಹವಳದ ಜೀವಿಗಳನ್ನು ಲಂಡನ್ನಿನ ಮನೆಗೆ ತಂದರು. ಗಾಳಿ ಬೆರೆಯಲೆಂದು ಆ ನೀರನ್ನು ಕಿಟಕಿಯ ಬಳಿ, ನಾವು ಕಾಫಿ ಆರಿಸುವಂತೆ, ದಿನವೂ ಎತ್ತಿ ಸುರಿದವಳು ಮನೆಗೆಲಸದಾಕೆ. 1853ರಲ್ಲಿ ಲಂಡನ್ ಮೃಗಾಲಯದ ಮತ್ಸ್ಯಾಲಯ ತೆರೆದಾಗ ಜನ ಮುಗಿಬಿದ್ದರು. ನಾನು ಓದಿದ ಕಡೆ ಆ ಕೆಲಸದಾಕೆಯ ಹೆಸರಿರಲಿಲ್ಲ.

ಈಗ ಹಿಂದಿನ ದಿನವೇ ಬಕೆಟ್ಟಿನಲ್ಲಿ ನೀರು ಹಿಡಿದಿಟ್ಟು, ವಾರಕ್ಕೊಮ್ಮೆ ಕಾಲುಭಾಗ ಮಾತ್ರ ಬದಲಿಸುತ್ತೇನೆ. ಉಳಿದ ಮೂರರಲ್ಲೊಂದು ಮರಿ ಹಾಕಿದೆ. "ಮಗ ಎಷ್ಟು ಚೆನ್ನಾಗಿ ಸಾಕಿದ್ದಾನೆ!" ಎಂದು ನೆಂಟರು ಹೊಗಳಿದಾಗ, ನನಗೆ ಆ ಕಿಟಕಿಯ ಬಳಿ ನಿಂತವಳು ನೆನಪಾಗುತ್ತಾಳೆ.