ಕ್ಷೇತ್ರಾಧಾರಿತ ಶೋಧ ಮತ್ತು ಅದರ ದೋಷಪರಿಹಾರ

ಕ್ಷೇತ್ರಾಧಾರಿತ ಶೋಧ ಎಂಬುದು ಪೂರ್ಣಪಠ್ಯ ಶೋಧ ವ್ಯವಸ್ಥೆಯಲ್ಲಿ ಹುಡುಕಾಟವನ್ನು ಇಡೀ ದಾಖಲೆಗೆ ಬದಲಾಗಿ ಅದರ ಒಂದು ನಿರ್ದಿಷ್ಟ ಭಾಗಕ್ಕೆ ಸೀಮಿತಗೊಳಿಸುವ ವಿಧಾನ. ಗ್ರಂಥಾಲಯದ ಸೂಚಿಯಲ್ಲಿ ಶೀರ್ಷಿಕೆ, ಲೇಖಕ, ಪ್ರಕಾಶಕ, ಪ್ರಕಟಣೆಯ ವರ್ಷ ಮುಂತಾದ ಪ್ರತಿಯೊಂದು ಭಾಗವೂ ಒಂದು ಕ್ಷೇತ್ರ. 'ಲೇಖಕ:ಕುವೆಂಪು' ಎಂಬ ಪ್ರಶ್ನೆ ಕುವೆಂಪು ಅವರು ಬರೆದ ಕೃತಿಗಳನ್ನು ಮಾತ್ರ ಕೇಳುತ್ತದೆ, ಅವರ ಕುರಿತು ಇತರರು ಬರೆದ ಕೃತಿಗಳನ್ನಲ್ಲ. ಇಂತಹ ಶೋಧದಲ್ಲಿ ಫಲಿತಾಂಶ ಶೂನ್ಯವೆಂದು ಬಂದರೆ ದಾಖಲೆಯೇ ಇಲ್ಲವೆಂದು ಅರ್ಥವಲ್ಲ. ಆ ಕ್ಷೇತ್ರದಲ್ಲಿ ಸೂಚೀಕೃತವಾದ ಪದಗಳಿಗೂ ಪ್ರಶ್ನೆಯಿಂದ ಉಂಟಾದ ಪದಗಳಿಗೂ ಹೊಂದಾಣಿಕೆಯಾಗಲಿಲ್ಲ ಎಂದಷ್ಟೇ ಅದು ತಿಳಿಸುತ್ತದೆ. ಈ ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸುವುದೇ ದೋಷಪರಿಹಾರದ ಮೂಲತತ್ತ್ವ.

ಹಿನ್ನೆಲೆ

ಇಂದು ಬಳಕೆಯಲ್ಲಿರುವ ಅನೇಕ ಶೋಧ ವ್ಯವಸ್ಥೆಗಳಿಗೆ ಲೂಸಿನ್ ಎಂಬ ಮುಕ್ತ ತಂತ್ರಾಂಶ ಆಧಾರವಾಗಿದೆ. ಡಗ್ ಕಟಿಂಗ್ ಇದನ್ನು 1999ರಲ್ಲಿ ರಚಿಸಿದರು. 2001ರಲ್ಲಿ ಇದು ಅಪಾಚೆ ಸಂಸ್ಥೆಯ ಆಶ್ರಯಕ್ಕೆ ಬಂದಿತು. ಯೋನಿಕ್ ಸೀಲಿ 2004ರಲ್ಲಿ ಆರಂಭಿಸಿದ ಸೋಲರ್ ಹಾಗೂ ಶೇ ಬ್ಯಾನನ್ 2010ರಲ್ಲಿ ಬಿಡುಗಡೆ ಮಾಡಿದ ಎಲಾಸ್ಟಿಕ್‌ಸರ್ಚ್ ಎರಡೂ ಲೂಸಿನ್ ಮೇಲೆ ನಿಂತಿವೆ. ವಿಕಿಪೀಡಿಯದ ಶೋಧ ಸೌಲಭ್ಯವಾದ ಸಿರಸ್‌ಸರ್ಚ್ ಎಲಾಸ್ಟಿಕ್‌ಸರ್ಚ್ ಅನ್ನು ಆಧರಿಸಿ ರೂಪುಗೊಂಡಿತು. ಅಲ್ಲಿನ 'ಇನ್‌ಟೈಟಲ್' ಎಂಬ ಸೂಚನೆ ಶೀರ್ಷಿಕೆಗೆ ಸೀಮಿತವಾದ ಕ್ಷೇತ್ರಶೋಧವೇ ಆಗಿದೆ.

ಕಾರ್ಯವಿಧಾನ

ಪೂರ್ಣಪಠ್ಯ ಸೂಚಿಯ ರಚನೆ ಪುಸ್ತಕದ ಕೊನೆಯಲ್ಲಿರುವ ಪದಸೂಚಿಯನ್ನು ಹೋಲುತ್ತದೆ. ಪ್ರತಿಯೊಂದು ಪದದ ಎದುರಿಗೆ ಅದು ಯಾವ ಯಾವ ದಾಖಲೆಗಳಲ್ಲಿದೆ ಎಂಬ ಪಟ್ಟಿ ಇರುತ್ತದೆ. ಇದಕ್ಕೆ ಇನ್ವರ್ಟೆಡ್ ಇಂಡೆಕ್ಸ್ ಎಂದು ಹೆಸರು. ಪ್ರತಿ ಕ್ಷೇತ್ರಕ್ಕೂ ಇಂತಹ ಪ್ರತ್ಯೇಕ ಪಟ್ಟಿ ಇರುವುದರಿಂದ ಶೀರ್ಷಿಕೆಯಲ್ಲಿರುವ ಪದ ಲೇಖಕ ಕ್ಷೇತ್ರದಲ್ಲಿ ದೊರೆಯುವುದಿಲ್ಲ.

ಪಠ್ಯವು ಸೂಚಿಯನ್ನು ಸೇರುವ ಮೊದಲು ವಿಶ್ಲೇಷಕದ ಮೂಲಕ ಹಾದುಹೋಗುತ್ತದೆ. ವಿಶ್ಲೇಷಕವು ವಾಕ್ಯವನ್ನು ಪದಗಳಾಗಿ ಒಡೆಯುತ್ತದೆ, ವಿರಾಮಚಿಹ್ನೆಗಳನ್ನು ತೆಗೆಯುತ್ತದೆ, ಇಂಗ್ಲಿಷಿನ ದೊಡ್ಡ ಅಕ್ಷರಗಳನ್ನು ಚಿಕ್ಕದಾಗಿಸುತ್ತದೆ, ಕೆಲವು ಭಾಷೆಗಳಲ್ಲಿ ಪ್ರತ್ಯಯಗಳನ್ನೂ ಕಳಚುತ್ತದೆ. ಬಳಕೆದಾರನ ಪ್ರಶ್ನೆಯೂ ಸಾಮಾನ್ಯವಾಗಿ ಇದೇ ಬಗೆಯ ಸಂಸ್ಕಾರಕ್ಕೆ ಒಳಗಾಗುತ್ತದೆ. ಎರಡು ಕಡೆಯ ಸಂಸ್ಕಾರ ಬೇರೆ ಬೇರೆಯಾದರೆ ಕಣ್ಣಿಗೆ ಒಂದೇ ಆಗಿ ಕಾಣುವ ಪದಗಳೂ ಪರಸ್ಪರ ಹೊಂದುವುದಿಲ್ಲ.

ಸಾಮಾನ್ಯ ದೋಷಗಳು

* ಕ್ಷೇತ್ರದ ಹೆಸರು ಮೊದಲ ಪದಕ್ಕಷ್ಟೇ ಅನ್ವಯಿಸುವುದು: ಲೂಸಿನ್‌ನ ರೂಢಿಯ ಪ್ರಶ್ನಾರಚನೆಯಲ್ಲಿ 'ಶೀರ್ಷಿಕೆ:ಮಲೆಗಳಲ್ಲಿ ಮದುಮಗಳು' ಎಂದು ಬರೆದರೆ 'ಮಲೆಗಳಲ್ಲಿ' ಎಂಬುದನ್ನು ಮಾತ್ರ ಶೀರ್ಷಿಕೆಯಲ್ಲಿ ಹುಡುಕಲಾಗುತ್ತದೆ. 'ಮದುಮಗಳು' ಎಂಬುದು ಪೂರ್ವನಿಯೋಜಿತ ಕ್ಷೇತ್ರಕ್ಕೆ ಹೋಗುತ್ತದೆ. ಎರಡೂ ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಪದಗುಚ್ಛವಾಗಿಯೂ, ಆವರಣದೊಳಗೆ ಇಟ್ಟರೆ ಬಿಡಿಪದಗಳಾಗಿಯೂ ಶೀರ್ಷಿಕೆಯಲ್ಲೇ ಶೋಧ ನಡೆಯುತ್ತದೆ.

* ಕ್ಷೇತ್ರದ ಹೆಸರು ತಪ್ಪಾಗಿರುವುದು: ಇಲ್ಲದ ಕ್ಷೇತ್ರವನ್ನು ಕೇಳಿದಾಗ ಸೋಲರ್ ದೋಷಸಂದೇಶ ನೀಡುತ್ತದೆ. ಲೂಸಿನ್ ಮತ್ತು ಎಲಾಸ್ಟಿಕ್‌ಸರ್ಚ್ ಸಾಮಾನ್ಯವಾಗಿ ಮೌನವಾಗಿ ಶೂನ್ಯ ಫಲಿತಾಂಶ ನೀಡುತ್ತವೆ. ಇಂಗ್ಲಿಷ್ ಹೆಸರುಗಳಲ್ಲಿ ದೊಡ್ಡ ಮತ್ತು ಚಿಕ್ಕ ಅಕ್ಷರಗಳ ವ್ಯತ್ಯಾಸವೂ ಇದಕ್ಕೆ ಸಾಕಾಗುತ್ತದೆ.

* ಕ್ಷೇತ್ರದ ಬಗೆ ಹೊಂದದಿರುವುದು: ಎಲಾಸ್ಟಿಕ್‌ಸರ್ಚ್‌ನಲ್ಲಿ 'ಟೆಕ್ಸ್ಟ್' ಬಗೆಯ ಕ್ಷೇತ್ರ ಪದಗಳಾಗಿ ಒಡೆಯಲ್ಪಡುತ್ತದೆ. 'ಕೀವರ್ಡ್' ಬಗೆಯ ಕ್ಷೇತ್ರ ಒಂದೇ ಅಖಂಡ ಪದವಾಗಿ ಉಳಿಯುತ್ತದೆ. ಲೇಖಕ ಕ್ಷೇತ್ರ ಕೀವರ್ಡ್ ಆಗಿದ್ದು ಅದರಲ್ಲಿ 'ಕೆ. ವಿ. ಪುಟ್ಟಪ್ಪ' ಎಂದಿದ್ದರೆ, 'ಪುಟ್ಟಪ್ಪ' ಎಂದು ಹುಡುಕಿದವನಿಗೆ ಏನೂ ಸಿಗುವುದಿಲ್ಲ.

* ಕ್ಷೇತ್ರ ಸಂಗ್ರಹವಾಗಿದ್ದು ಸೂಚೀಕೃತವಾಗದಿರುವುದು: ಫಲಿತಾಂಶದಲ್ಲಿ ತೋರಿಸುವುದಕ್ಕಾಗಿ ಮಾಹಿತಿಯನ್ನು ಸಂಗ್ರಹಿಸುವುದು ಒಂದು ಕಾರ್ಯ, ಹುಡುಕುವುದಕ್ಕಾಗಿ ಸೂಚಿಗೆ ಸೇರಿಸುವುದು ಇನ್ನೊಂದು. ಹಾಗಾಗಿ ಪರದೆಯ ಮೇಲೆ ಕಾಣುವ ಪದವೂ ಶೋಧಕ್ಕೆ ಸಿಗದಿರಬಹುದು. ಎಲಾಸ್ಟಿಕ್‌ಸರ್ಚ್ ತಾನಾಗಿಯೇ ರಚಿಸುವ ಕೀವರ್ಡ್ ಉಪಕ್ಷೇತ್ರದಲ್ಲಿ 256 ಅಕ್ಷರಗಳಿಗಿಂತ ಉದ್ದವಾದ ಮೌಲ್ಯಗಳು ಸೂಚಿಗೆ ಸೇರುವುದಿಲ್ಲ.

* ವಿಶೇಷ ಚಿಹ್ನೆಗಳು: 'ಕನ್ನಡ ಸಾಹಿತ್ಯ: ಒಂದು ಅವಲೋಕನ' ಎಂಬಂತಹ ಶೀರ್ಷಿಕೆಯನ್ನು ಹಾಗೆಯೇ ಟೈಪಿಸಿದರೆ 'ಸಾಹಿತ್ಯ' ಎಂಬುದೇ ಕ್ಷೇತ್ರದ ಹೆಸರೆಂದು ವ್ಯವಸ್ಥೆ ಭಾವಿಸುತ್ತದೆ. ಉದ್ಧರಣ ಚಿಹ್ನೆ ಇದನ್ನು ತಪ್ಪಿಸುತ್ತದೆ.

* ಸಂಖ್ಯೆಯನ್ನು ಪಠ್ಯವಾಗಿ ಸೂಚಿಸಿರುವುದು: ವರ್ಷ ಅಥವಾ ಪುಟಸಂಖ್ಯೆ ಪಠ್ಯರೂಪದಲ್ಲಿದ್ದರೆ ಹೋಲಿಕೆ ಅಕ್ಷರಾನುಕ್ರಮದಲ್ಲಿ ನಡೆಯುತ್ತದೆ. ಆಗ 9 ಎಂಬುದು 10ಕ್ಕಿಂತ ದೊಡ್ಡದಾಗಿ ಪರಿಣಮಿಸಿ ವ್ಯಾಪ್ತಿಶೋಧ ತಪ್ಪುತ್ತದೆ.

* ಸೂಚಿ ಇನ್ನೂ ನವೀಕರಣಗೊಳ್ಳದಿರುವುದು: ಹೊಸ ದಾಖಲೆ ಸೇರಿದ ತಕ್ಷಣ ಶೋಧಕ್ಕೆ ಗೋಚರಿಸುವುದಿಲ್ಲ. ಎಲಾಸ್ಟಿಕ್‌ಸರ್ಚ್‌ನಲ್ಲಿ ನವೀಕರಣದ ಪೂರ್ವನಿಯೋಜಿತ ಅವಧಿ 1 ಸೆಕೆಂಡ್. ವ್ಯವಸ್ಥಾಪಕರು ಇದನ್ನು ಹೆಚ್ಚಿಸಿರಬಹುದು.

ಕನ್ನಡ ಪಠ್ಯದ ವಿಶೇಷ ಸಮಸ್ಯೆಗಳು

ಕನ್ನಡದಲ್ಲಿ ಮೇಲಿನವುಗಳ ಜೊತೆಗೆ ಲಿಪಿಗೂ ವ್ಯಾಕರಣಕ್ಕೂ ಸಂಬಂಧಿಸಿದ ತೊಡಕುಗಳಿವೆ. 'ರಾಜ್‌ಕುಮಾರ್' ಎಂಬಲ್ಲಿ ಅರ್ಧಾಕ್ಷರವನ್ನು ಒತ್ತಾಗದಂತೆ ತಡೆಯಲು ಜೀರೊ ವಿಡ್ತ್ ನಾನ್-ಜಾಯ್ನರ್ ಎಂಬ ಅಗೋಚರ ಚಿಹ್ನೆಯನ್ನು ಬಳಸಲಾಗುತ್ತದೆ. ಸೂಚಿಯಲ್ಲಿ ಈ ಚಿಹ್ನೆ ಉಳಿದುಕೊಂಡು ಪ್ರಶ್ನೆಯಲ್ಲಿ ಇಲ್ಲದಿದ್ದರೆ ಹೊಂದಾಣಿಕೆ ತಪ್ಪುತ್ತದೆ. ಅಂತೆಯೇ ಓಕಾರದ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಮೂರು ಬಿಡಿ ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ನೋಟಕ್ಕೆ ಎರಡೂ ಒಂದೇ, ಗಣಕಕ್ಕೆ ಬೇರೆ ಬೇರೆ. ಯುನಿಕೋಡ್ ಸಾಮಾನ್ಯೀಕರಣವನ್ನು ಎರಡೂ ಕಡೆ ಅಳವಡಿಸುವುದು ಇದಕ್ಕೆ ಪರಿಹಾರ.

ಅಂಕಿಗಳಲ್ಲಿಯೂ ಇದೇ ಭೇದವುಂಟು. '೧೯೬೭' ಎಂದು ಸೂಚೀಕೃತವಾದ ವರ್ಷ '1967' ಎಂಬ ಪ್ರಶ್ನೆಗೆ ತಾನಾಗಿ ಹೊಂದುವುದಿಲ್ಲ. ಎಲ್ಲ ಲಿಪಿಗಳ ಅಂಕಿಗಳನ್ನೂ ಒಂದೇ ರೂಪಕ್ಕೆ ತರುವ ಶೋಧಕ ಲೂಸಿನ್‌ನಲ್ಲಿ ಲಭ್ಯವಿದೆ. ಯುನಿಕೋಡ್‌ಗೆ ಮುಂಚಿನ ಅಕ್ಷರವಿನ್ಯಾಸಗಳಲ್ಲಿ ಸಿದ್ಧವಾದ ಕಡತಗಳು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ರೋಮನ್ ಅಕ್ಷರಗಳ ಸಂಕೇತಗಳೇ ಆಗಿರುತ್ತವೆ. ಅವುಗಳನ್ನು ಪರಿವರ್ತಿಸದೆ ಸೂಚಿಗೆ ಸೇರಿಸಿದರೆ ಯಾವ ಕನ್ನಡ ಪದವೂ ದೊರೆಯದು.

ವಿಭಕ್ತಿ ಪ್ರತ್ಯಯಗಳು ಇನ್ನೊಂದು ಕಾರಣ. ಪ್ರತ್ಯಯ ಕಳಚುವ ಏರ್ಪಾಡು ಇಲ್ಲದ ಸೂಚಿಯಲ್ಲಿ 'ಊರು' ಮತ್ತು 'ಊರಿನಲ್ಲಿ' ಎರಡು ಬೇರೆ ಪದಗಳು. 'ಊರ*' ಎಂದು ಪದದ ಆದಿಭಾಗವನ್ನಷ್ಟೇ ನೀಡಿ ಹುಡುಕಿದರೆ ಎರಡೂ ದೊರೆಯುತ್ತವೆ. ಆದರೆ ಈ ಉಪಾಯಕ್ಕೆ ಮಿತಿಯಿದೆ: 'ಮರ*' ಎಂಬ ಪ್ರಶ್ನೆಗೆ 'ಮರದಲ್ಲಿ' ಎಂಬುದರೊಂದಿಗೆ 'ಮರಣ', 'ಮರಳು' ಮುಂತಾದವೂ ಬರುತ್ತವೆ. 'ಇಂಗ್ಲಿಷ್' ಮತ್ತು 'ಇಂಗ್ಲೀಷ್' ಎಂಬಂತಹ ಕಾಗುಣಿತಭೇದಗಳಿಗೆ, ಕಾವ್ಯನಾಮ ಮತ್ತು ನಿಜನಾಮಗಳಿಗೆ ಪರ್ಯಾಯಪದಗಳ ಪಟ್ಟಿ ಒದಗಿಸಬೇಕಾಗುತ್ತದೆ.

ದೋಷಪರಿಹಾರದ ಕ್ರಮ

1. ದಾಖಲೆಯು ಸೂಚಿಯಲ್ಲಿ ಇದೆಯೇ ಎಂಬುದನ್ನು ಅದರ ಗುರುತುಸಂಖ್ಯೆಯಿಂದ ಖಚಿತಪಡಿಸಿಕೊಳ್ಳುವುದು.

2. ಕ್ಷೇತ್ರದ ನಿಖರ ಹೆಸರು, ಬಗೆ ಮತ್ತು ಅದು ಸೂಚೀಕೃತವಾಗಿದೆಯೇ ಎಂಬುದನ್ನು ವಿನ್ಯಾಸದಲ್ಲಿ ಪರಿಶೀಲಿಸುವುದು.

3. ಆ ಕ್ಷೇತ್ರದಲ್ಲಿ ವಾಸ್ತವವಾಗಿ ಯಾವ ಪದಗಳಿವೆ ಎಂದು ನೋಡುವುದು. ಲೂಸಿನ್‌ನ ಲ್ಯೂಕ್ ಎಂಬ ಉಪಕರಣ ಸೂಚಿಯಲ್ಲಿರುವ ಪದಗಳನ್ನೇ ತೋರಿಸುತ್ತದೆ. ಕೊಟ್ಟ ಪಠ್ಯವನ್ನು ವಿಶ್ಲೇಷಕ ಹೇಗೆ ಒಡೆಯುತ್ತದೆ ಎಂಬುದನ್ನು ಸೋಲರ್‌ನ ವಿಶ್ಲೇಷಣಾ ಪುಟ ಹಾಗೂ ಎಲಾಸ್ಟಿಕ್‌ಸರ್ಚ್‌ನ ವಿಶ್ಲೇಷಣಾ ಸೌಲಭ್ಯ ತಿಳಿಸುತ್ತವೆ.

4. ಪ್ರಶ್ನೆಯನ್ನು ವ್ಯವಸ್ಥೆ ಹೇಗೆ ಅರ್ಥೈಸಿತು ಎಂಬುದನ್ನು ದೋಷಶೋಧನೆಯ ಆಯ್ಕೆಯ ಮೂಲಕ ನೋಡುವುದು.

5. ಎರಡನ್ನೂ ಪದಕ್ಕೆ ಪದ ಹೋಲಿಸುವುದು. ನೋಟಕ್ಕೆ ಒಂದೇ ಆಗಿದ್ದರೆ ಯುನಿಕೋಡ್ ಸಂಕೇತಗಳನ್ನು ಹೋಲಿಸುವುದು.

6. ವಿಶ್ಲೇಷಕವನ್ನೋ ಕ್ಷೇತ್ರದ ಬಗೆಯನ್ನೋ ಬದಲಿಸಿದಲ್ಲಿ ದಾಖಲೆಗಳನ್ನು ಮತ್ತೆ ಸೂಚೀಕರಿಸುವುದು. ಹಳೆಯ ದಾಖಲೆಗಳ ಪದಗಳು ಹಳೆಯ ರೂಪದಲ್ಲಿಯೇ ಉಳಿದಿರುತ್ತವೆ. ಈ ಹಂತವನ್ನು ಬಿಟ್ಟರೆ ತಿದ್ದುಪಡಿ ಫಲಕೊಡುವುದಿಲ್ಲ.

ಬಳಕೆದಾರರಿಗೆ ಸಾಧ್ಯವಾದ ಪರೀಕ್ಷೆಗಳು

ಸೂಚಿಯ ಒಳಭಾಗವನ್ನು ನೋಡುವ ಅವಕಾಶವಿಲ್ಲದ ವಿದ್ಯಾರ್ಥಿ ಮತ್ತು ಸಂಶೋಧಕರೂ ಕೆಲವು ಪರೀಕ್ಷೆಗಳನ್ನು ಮಾಡಬಹುದು. ಮೊದಲು ಕ್ಷೇತ್ರದ ನಿರ್ಬಂಧವನ್ನು ತೆಗೆದು ಅದೇ ಪದವನ್ನು ಎಲ್ಲ ಕ್ಷೇತ್ರಗಳಲ್ಲಿ ಹುಡುಕಬೇಕು. ಅನಂತರ ಪದಗಳನ್ನು ಒಂದಕ್ಕೆ ಇಳಿಸಿ, ಬೇರೆ ಕಾಗುಣಿತ, ಬೇರೆ ಅಂಕಿ, ಕಾವ್ಯನಾಮ ಅಥವಾ ರೋಮನ್ ಲಿಪಿಯ ರೂಪವನ್ನು ಪ್ರಯತ್ನಿಸಬೇಕು. ಸೂಚಿಯಲ್ಲಿ ಖಂಡಿತವಾಗಿ ಇದೆಯೆಂದು ತಿಳಿದಿರುವ ಇನ್ನೊಂದು ಕೃತಿಯನ್ನು ಅದೇ ಕ್ಷೇತ್ರದಲ್ಲಿ ಹುಡುಕುವುದು ಉಪಯುಕ್ತ. ಅದೂ ಸಿಗದಿದ್ದರೆ ದೋಷ ಬಹುಮಟ್ಟಿಗೆ ಕ್ಷೇತ್ರದ್ದು ಅಥವಾ ಪ್ರಶ್ನಾರಚನೆಯದು. ಇಷ್ಟನ್ನೂ ಮಾಡದೆ ಕೇವಲ ಒಂದು ಕ್ಷೇತ್ರಶೋಧದ ಆಧಾರದಿಂದ ಕೃತಿಯೊಂದು ಗ್ರಂಥಾಲಯದಲ್ಲಿ ಇಲ್ಲವೆಂದೋ, ವಿಷಯವೊಂದರ ಬಗ್ಗೆ ಯಾರೂ ಬರೆದಿಲ್ಲವೆಂದೋ ನಿರ್ಣಯಿಸುವುದು ಸಮಂಜಸವಲ್ಲ.